ಆರು ಅಡಿ ಮೂರು ಇಂಚಿನ ಚಾಲಕನಿಗೆ ಸಣ್ಣ ಕಾರಿನ ಸೀಟು: ಏಳು ವಾರಗಳ ಕೆಲಸದ ದಾಖಲೆ

ನನ್ನ ಮನೆ ಹಾಸನದಲ್ಲಿ. ಕೆಲಸ ಕಾಫಿ ತೋಟಗಳ ನೀರಾವರಿ ಪಂಪುಗಳನ್ನು ನೋಡಿಕೊಳ್ಳುವುದು. ವಾರಕ್ಕೆ ಮೂರು ಸಲವಾದರೂ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ, ಅಲ್ಲಿಂದ ಆಲ್ದೂರಿನ ಕಡೆಯ ತೋಟಗಳಿಗೆ ಹೋಗಿಬರಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದ ಹೂವಿನ ನೀರು (ಹೂ ಅರಳಿಸಲು ಹಾಯಿಸುವ ನೀರು) ಕೊಡುವ ಕಾಲ ಬಂದಾಗ ಈ ಓಡಾಟ ದಿನನಿತ್ಯದ್ದಾಗುತ್ತದೆ. ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 65 ಕಿ.ಮೀ. ಕಳೆದ ವರ್ಷದ ಹಂಗಾಮಿನಲ್ಲಿ ಪ್ರತಿದಿನ ಬೇಲೂರು ತಲುಪುವಷ್ಟರಲ್ಲಿ ಬಲ ಸೊಂಟ ಹಿಡಿದುಕೊಳ್ಳುತ್ತಿತ್ತು. ಚಿಕ್ಕಮಗಳೂರಿನಲ್ಲಿ ಇಳಿದಾಗ ನೆಟ್ಟಗೆ ನಿಲ್ಲಲು ಎರಡು ನಿಮಿಷ ಬೇಕಾಗುತ್ತಿತ್ತು. ಈ ವರ್ಷದ ಹಂಗಾಮು ಕಾವೇರುವ ಮೊದಲೇ ಸೀಟನ್ನು ಸರಿಪಡಿಸಬೇಕೆಂದು ಜನವರಿ ಮೊದಲ ವಾರ ಕೆಲಸ ಆರಂಭಿಸಿದೆ.

ನನ್ನ ಎತ್ತರ 6 ಅಡಿ 3 ಇಂಚು, ಅಂದರೆ 190 ಸೆಂ.ಮೀ. ಕಾರು 2011ನೇ ಸಾಲಿನ ಐದು ಬಾಗಿಲಿನ ಸಣ್ಣ ಕಾರು. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಸ್ಟೀರಿಂಗನ್ನು ಮೇಲೆ ಕೆಳಗೆ ಮಾಡುವ ಸೌಲಭ್ಯವಿಲ್ಲ, ಸೀಟಿನ ಎತ್ತರವನ್ನು ಬದಲಿಸುವ ಹಿಡಿಯೂ ಇಲ್ಲ. ಏರ್‌ಬ್ಯಾಗ್ ಇಲ್ಲವೆಂಬುದನ್ನು ಮೊದಲೇ ಒತ್ತಿ ಹೇಳುತ್ತೇನೆ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ವ್ಯವಸ್ಥೆಯ ವೈರು. ಅಂತಹ ಸೀಟನ್ನು ಮನೆಯಲ್ಲಿ ಬಿಚ್ಚುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಹಂತ 1: ಅಳತೆ (ಜನವರಿ 4)

ಸಮತಟ್ಟಾದ ಸಿಮೆಂಟು ಅಂಗಳದಲ್ಲಿ ಕಾರನ್ನು ನಿಲ್ಲಿಸಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ನಾನು ಎಂದಿನಂತೆ ಕುಳಿತುಕೊಂಡೆ. ನನ್ನ ತಮ್ಮ ಟೇಪು, ರಸಮಟ್ಟ ಮತ್ತು ತೂಗುಗುಂಡು ಹಿಡಿದು ಅಳೆದ. ಒರಗಿನ, ಅಂದರೆ ಬೆನ್ನು ಆನಿಸುವ ಭಾಗದ, ಕೋನವನ್ನು ಮೊಬೈಲಿನ ಕೋನಮಾಪಕದಿಂದ ನೋಡಿದೆವು. ಬಂದ ಅಳತೆಗಳು ಇವು. ತಲೆಗೂ ಚಾವಣಿಗೂ ನಡುವೆ 1.5 ಸೆಂ.ಮೀ. ಒರಗಿನ ಕೋನ ನೆಲಕ್ಕೆ 114 ಡಿಗ್ರಿ. ಎಡ ಪಾದವನ್ನು ಕ್ಲಚ್ಚಿನ ಮೇಲಿಡಲು ಎತ್ತಿದಾಗ ತೊಡೆಗೂ ಸ್ಟೀರಿಂಗ್ ಚಕ್ರದ ಕೆಳ ಅಂಚಿಗೂ ನಡುವೆ 1 ಸೆಂ.ಮೀ. ಸೀಟಿನ ಮುಂಭಾಗದ ಅಂಚಿನಿಂದ ಮಂಡಿಯ ಹಿಂಬದಿಯವರೆಗೆ 16 ಸೆಂ.ಮೀ.; ಈ ಭಾಗದ ತೊಡೆಗೆ ಯಾವ ಆಧಾರವೂ ಇರಲಿಲ್ಲ. ಹೆಡ್‌ರೆಸ್ಟನ್ನು ಪೂರ್ತಿ ಎತ್ತಿದರೂ ಅದರ ತುದಿ ನೆತ್ತಿಗಿಂತ 7 ಸೆಂ.ಮೀ. ಕೆಳಗಿತ್ತು.

ಹೆಗಲನ್ನು ಒರಗಿಗೆ ತಾಗಿಸಿಕೊಂಡು ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ಮೇಲಂಚಿನ ಮೇಲೆ ಕೂರಬೇಕು ಎಂಬುದು ಚಾಲನೆ ಕಲಿಸುವವರೆಲ್ಲ ಹೇಳುವ ಮಾತು. ನನಗೆ ಬೆರಳ ತುದಿ ಮಾತ್ರ ತಲುಪುತ್ತಿತ್ತು. ಉದ್ದ ಕೈಗಳಿರುವ ನನಗೇ ಸ್ಟೀರಿಂಗ್ ಎಟುಕುತ್ತಿಲ್ಲವೆಂಬುದು ವಿಚಿತ್ರವೆನಿಸಿದ್ದರೂ ಅದರ ಕಾರಣವನ್ನು ಅಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮುಂದಿನ ಮೂರು ವಾರ ಉಳಿಯುತ್ತಿತ್ತು.

ಹಂತ 2: ಸೊಂಟದ ದಿಂಬು (ಜನವರಿ 6ರಿಂದ 9)

ಸೊಂಟ ನೋಯುತ್ತದೆಯಾದ್ದರಿಂದ ಸೊಂಟಕ್ಕೆ ಆಧಾರ ಕೊಡುವ ದಿಂಬೊಂದನ್ನು 650 ರೂಪಾಯಿಗೆ ಕೊಂಡೆ. ಅದರ ದಪ್ಪ 8 ಸೆಂ.ಮೀ. ದಿಂಬು ನನ್ನನ್ನು ಅಷ್ಟೇ ಮುಂದಕ್ಕೆ ತಳ್ಳಿತು. ತೊಡೆಗೆ ಮೊದಲೇ ಇಲ್ಲದ ಆಧಾರ ಇನ್ನಷ್ಟು ಕಡಿಮೆಯಾಯಿತು. ಮಂಡಿ ಸ್ಟೀರಿಂಗಿಗೆ ತಾಗತೊಡಗಿತು. ಎರಡು ಸಲ ಬೇಲೂರಿಗೆ ಹೋಗಿಬಂದು ತೆಗೆದುಬಿಟ್ಟೆ.

ಹಂತ 3: ಸೀಟನ್ನು ಹಿಂದಕ್ಕೆ ಸರಿಸಿದ್ದು, ದೊಡ್ಡ ತಪ್ಪು (ಜನವರಿ 11ರಿಂದ 18)

ಎತ್ತರದವನಿಗೆ ಜಾಗ ಸಾಲದು, ಆದ್ದರಿಂದ ಸೀಟು ಇನ್ನೂ ಹಿಂದಕ್ಕೆ ಹೋಗಬೇಕು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗಳನ್ನು ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಕತ್ತರಿಸಿ, ತೂತು ಕೊರೆಸಿ, ಸೀಟು ಹಿಂದೆ ಮುಂದೆ ಸರಿಯುವ ರೇಲ್ 50 ಮಿ.ಮೀ. ಹಿಂದೆ ಕೂರುವಂತೆ ಮಾಡಿಸಿದೆ. ಖರ್ಚು 480 ರೂಪಾಯಿ.

ಸೀಟನ್ನು ನೆಲಕ್ಕೆ ಹಿಡಿದಿರುವುದು ನಾಲ್ಕು ಬೋಲ್ಟುಗಳು. ಪಟ್ಟಿಯ ದಪ್ಪಕ್ಕೆ ಹೊಂದುವ ಉದ್ದನೆಯ ಬೋಲ್ಟುಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದೆ. ಮೂಲದವೂ 10 ಮಿ.ಮೀ. ದಪ್ಪದವು, ತಂದವೂ 10 ಮಿ.ಮೀ. ದಪ್ಪದವು. ಮೂಲ ಬೋಲ್ಟಿನ ತಲೆಗೆ 14ರ ಸ್ಪ್ಯಾನರ್ ಕೂಡುತ್ತಿತ್ತು, ಅಂಗಡಿಯದ್ದಕ್ಕೆ 17ರದ್ದು ಬೇಕಾಯಿತು. ಆ ವ್ಯತ್ಯಾಸವನ್ನು ಕಂಡಾಗಲೇ ನಾನು ನಿಲ್ಲಬೇಕಾಗಿತ್ತು. ಮೊದಲ ಬೋಲ್ಟು ಎರಡು ಸುತ್ತು ಕೈಯಲ್ಲೇ ತಿರುಗಿ ಬಿಗಿಯಾಯಿತು. ಬಣ್ಣವೋ ಮಣ್ಣೋ ಸಿಕ್ಕಿಕೊಂಡಿರಬೇಕೆಂದು ಭಾವಿಸಿ ಸ್ಪ್ಯಾನರಿನಿಂದ ಬಲವಂತವಾಗಿ ಇನ್ನೊಂದೂವರೆ ಸುತ್ತು ತಿರುಗಿಸಿದೆ. ಹೊರತೆಗೆದಾಗ ಬೋಲ್ಟಿನ ಥ್ರೆಡ್‌ನ (ಸುತ್ತು ಗೆರೆಗಳ) ಅಂಚಿನಲ್ಲಿ ಹೊಳೆಯುವ ಉಕ್ಕಿನ ಪುಡಿ ಅಂಟಿಕೊಂಡಿತ್ತು. ಮೂಲ ಬೋಲ್ಟಿನ ಥ್ರೆಡ್ 1.25 ಪಿಚ್‌ನದು (ಪಿಚ್ ಎಂದರೆ ಒಂದು ಸುತ್ತು ಗೆರೆಯಿಂದ ಮುಂದಿನದಕ್ಕೆ ಮಿ.ಮೀ.ನಲ್ಲಿ ಇರುವ ದೂರ), ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 1.5 ಪಿಚ್‌ನದು. ನಟ್ಟು ಕಾರಿನ ನೆಲಕ್ಕೇ ವೆಲ್ಡ್ ಆಗಿರುವುದರಿಂದ ಅದು ಪೂರ್ತಿ ಕೆಟ್ಟಿದ್ದರೆ ನೆಲದ ತಗಡನ್ನೇ ಕತ್ತರಿಸಬೇಕಾಗುತ್ತಿತ್ತು. ಪರಿಚಯದ ಗ್ಯಾರೇಜಿನವರು 10ಕ್ಕೆ 1.25ರ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ, ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಎಂಬಂತೆ ನಿಧಾನವಾಗಿ ತಿರುಗಿಸಿ ಥ್ರೆಡ್ ಉಳಿಸಿಕೊಟ್ಟರು. ಅದಕ್ಕೆ 150 ರೂಪಾಯಿ. ವ್ಯರ್ಥವಾದ ನಾಲ್ಕು ಬೋಲ್ಟುಗಳಿಗೆ 72 ರೂಪಾಯಿ.

ಸರಿಯಾದ ಪಿಚ್‌ನ ಬೋಲ್ಟುಗಳನ್ನು ಅದೇ ಗ್ಯಾರೇಜಿನವರಿಂದ ಎರವಲು ಪಡೆದು ಪಟ್ಟಿಗಳನ್ನು ಕೂರಿಸಿ ನಾಲ್ಕು ದಿನ ಓಡಿಸಿದೆ. ಕಾಲಿಗೆ ಜಾಗ ಸಿಕ್ಕಿತು, ಅದು ನಿಜ. ಆದರೆ ಮೊದಲೇ ದೂರವಿದ್ದ ಸ್ಟೀರಿಂಗ್ ಇನ್ನೂ 5 ಸೆಂ.ಮೀ. ದೂರವಾದ್ದರಿಂದ ತಿರುವುಗಳಲ್ಲಿ ಬೆನ್ನು ಒರಗನ್ನು ಬಿಟ್ಟು ಮುಂದಕ್ಕೆ ಬರುತ್ತಿತ್ತು. ಪಟ್ಟಿಯ ದಪ್ಪದಿಂದ ಸೀಟು 6 ಮಿ.ಮೀ. ಮೇಲೇರಿ, ತಲೆಯ ಮೇಲಿದ್ದ ಜಾಗ 1 ಸೆಂ.ಮೀ.ಗಿಂತ ಕಡಿಮೆಯಾಯಿತು, ತೋಟದ ರಸ್ತೆಯ ಗುಂಡಿಗಳಲ್ಲಿ ನೆತ್ತಿ ಚಾವಣಿಗೆ ಬಡಿಯಿತು. ಎಲ್ಲಕ್ಕಿಂತ ಗಂಭೀರವಾದದ್ದು ಸೀಟ್‌ಬೆಲ್ಟಿನ ವಿಷಯ. ನನ್ನ ಕಾರಿನಲ್ಲಿ ಬೆಲ್ಟಿನ ಬಕಲ್ ಸೀಟಿಗೆ ಜೋಡಿಸಿದ್ದಲ್ಲ, ನೆಲಕ್ಕೆ ಜೋಡಿಸಿದ್ದು. ಸೀಟು ಹಿಂದೆ ಹೋದಾಗ ಬಕಲ್ ಇದ್ದಲ್ಲೇ ಉಳಿಯಿತು. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಬೆಲ್ಟು ಹೊಟ್ಟೆಯ ಮೇಲೆ ಹಾದುಹೋಗುತ್ತಿತ್ತು. ಅಪಘಾತದಲ್ಲಿ ಮೈಯ ಭಾರವನ್ನೆಲ್ಲ ತಡೆಯಬೇಕಾದದ್ದು ಮೂಳೆಯೇ ಹೊರತು ಹೊಟ್ಟೆಯ ಮೃದು ಭಾಗವಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಪಟ್ಟಿಗಳು ಕಿರುಗುಟ್ಟುವ ಸದ್ದೂ ಕೇಳಿಸಿತು. ಜನವರಿ 18ರಂದು ಎಲ್ಲವನ್ನೂ ಬಿಚ್ಚಿ ಸೀಟನ್ನು ಮೂಲ ಜಾಗದಲ್ಲೇ ಕೂರಿಸಿದೆ. ಇದೇ ಉಪಾಯವನ್ನು ಯೋಚಿಸುತ್ತಿರುವ ಎತ್ತರದವರು ಪಟ್ಟಿ ಕತ್ತರಿಸುವ ಮೊದಲು ತಮ್ಮ ಕಾರಿನ ಬಕಲ್ ಎಲ್ಲಿದೆ ಎಂದು ದಯವಿಟ್ಟು ನೋಡಬೇಕು.

ಹಂತ 4: ಮತ್ತೆ ಅಳತೆ (ಜನವರಿ 20)

ಈ ಸಲ ತಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹಾಸನದಿಂದ ಬೇಲೂರಿಗೆ ಹೊರಟು, ದಾರಿಯಲ್ಲಿ ಮೂರು ಕಡೆ ನಿಂತು ಅಳತೆ ತೆಗೆದುಕೊಂಡೆವು. ಅಂಗಳದಲ್ಲಿ ನಿಂತ ಕಾರಿನಲ್ಲಿ ಮನುಷ್ಯ ಕೂರುವ ರೀತಿಗೂ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಕೂರುವ ರೀತಿಗೂ ಬಹಳ ವ್ಯತ್ಯಾಸವಿದೆ. ಯಗಚಿಯ ಸೇತುವೆಯ ಬಳಿ ನಿಂತಾಗ ನನ್ನ ಸೊಂಟ ಸೀಟಿನಲ್ಲಿ 4 ಸೆಂ.ಮೀ. ಮುಂದಕ್ಕೆ ಜಾರಿತ್ತು, ತಲೆ ಎಡಕ್ಕೆ ವಾಲಿತ್ತು.

ಒರಗನ್ನು ಯಾಕೆ ಇಷ್ಟು ಮಲಗಿಸಿಕೊಂಡಿದ್ದೀಯ ಎಂದು ತಮ್ಮ ಕೇಳಿದ. ನೆಟ್ಟಗೆ ಮಾಡಿದರೆ ತಲೆ ತಾಗುತ್ತದೆ ಎಂದೆ. ಹಾಗೆನ್ನುತ್ತಿದ್ದಂತೆಯೇ ಉಳಿದದ್ದೂ ಹೊಳೆಯಿತು. ತಲೆ ತಾಗುತ್ತದೆಂದು ಒರಗನ್ನು ಮಲಗಿಸುತ್ತೇನೆ. ಒರಗು ಮಲಗಿದ್ದರಿಂದ ಹೆಗಲು ಹಿಂದೆ ಹೋಗಿ ಸ್ಟೀರಿಂಗ್ ಎಟುಕುವುದಿಲ್ಲ. ಎಟುಕಿಸಿಕೊಳ್ಳಲು ಸೊಂಟ ಮುಂದೆ ಜಾರುತ್ತದೆ. ಜಾರಿದಾಗ ಮಂಡಿ ಮುಂದೆ ಬಂದು ಸ್ಟೀರಿಂಗಿಗೆ ತಾಗುತ್ತದೆ. ಆದ್ದರಿಂದ ಸೀಟು ಹಿಂದಕ್ಕೆ ಹೋಗಬೇಕಾಗಿರಲಿಲ್ಲ, ಸೊಂಟ ಕೆಳಗಿಳಿಯಬೇಕಾಗಿತ್ತು.

ಹಂತ 5: ಫೋಮ್ ಇಳಿಸಿದ್ದು (ಜನವರಿ 25ರಿಂದ ಫೆಬ್ರವರಿ 1)

ಸೀಟನ್ನು ಹೊರತೆಗೆದು, ಅಡಿಯಲ್ಲಿ ಕವರನ್ನು ಹಿಡಿದಿದ್ದ ತಂತಿಯ ರಿಂಗುಗಳನ್ನು ಕಟಿಂಗ್ ಪ್ಲೇಯರಿನಿಂದ ಬಿಡಿಸಿ ಫೋಮನ್ನು ಎತ್ತಿದೆ. ಹಿಂಭಾಗದಲ್ಲಿ ಫೋಮಿನ ದಪ್ಪ 90 ಮಿ.ಮೀ., ಮುಂಭಾಗದಲ್ಲಿ 75. ಸೂಜಿ ಮೊನೆಯಿಂದ ಗುರುತು ಹಾಕಿಕೊಂಡು, ಹ್ಯಾಕ್ಸಾ ಬ್ಲೇಡಿನಿಂದ ತಳಭಾಗವನ್ನು ಹಿಂದೆ 45 ಮಿ.ಮೀ., ಮುಂದೆ 20 ಮಿ.ಮೀ. ಕತ್ತರಿಸಿದೆ. ಮೇಲ್ಮೈಯನ್ನು ಮುಟ್ಟದೆ ತಳದಿಂದ ಕತ್ತರಿಸಿದ್ದೊಂದೇ ನಾನು ಆ ದಿನ ಮಾಡಿದ ಸರಿಯಾದ ಕೆಲಸ. 45 ಅತಿಯಾಯಿತು. ಅರ್ಧ ಗಂಟೆ ಓಡಿಸಿದ ಮೇಲೆ ಅಡಿಯ ಸ್ಪ್ರಿಂಗ್ ತಂತಿಗಳು ಒಂದೊಂದಾಗಿ ಗೊತ್ತಾಗತೊಡಗಿದವು. ಬ್ಲೇಡು ಬಳುಕುವುದರಿಂದ ಎಡಬದಿ ಬಲಬದಿಗಿಂತ 8 ಮಿ.ಮೀ. ಹೆಚ್ಚು ಹೋಗಿತ್ತು, ಹೀಗೆ ಓರೆಯಾಗಿ ಕೂತು ಎರಡು ದಿನ ಓಡಿಸಿದ್ದಕ್ಕೆ ಎಡ ಬೆನ್ನಿನಲ್ಲಿ ಹೊಸ ನೋವು ಶುರುವಾಯಿತು.

ಕೊನೆಗೆ ಫೋಮನ್ನು ಎತ್ತಿಕೊಂಡು ಹಾಸನದ ಹಳೆಯ ಕುಷನ್ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹಿರಿಯರು ಮೊದಲು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಮಂಡಿಯ ಕೆಳಗೆ ಕೈ ಹಾಕಿ ನೋಡಿದರು. "ಸಾರ್, ಹಿಂದ್ಗಡೆ ಇಳ್ಸಿ, ಮುಂದ್ಗಡೆ ಹಾಗೇ ಬಿಡಿ. ಎರಡೂ ಕಡೆ ಕುಯ್ದ್ರೆ ತೊಡೆಗೆ ಏನೂ ಸಿಗಲ್ಲ," ಎಂದರು. ನಾನು ಕತ್ತರಿಸಿ ಕಳೆದದ್ದನ್ನು ಅವರು ತುಂಬಿಕೊಟ್ಟ ಕ್ರಮ ಹೀಗಿತ್ತು. ಹಿಂಭಾಗದ ತಳಕ್ಕೆ 15 ಮಿ.ಮೀ. ದಪ್ಪದ ಗಟ್ಟಿ ರೀಬಾಂಡೆಡ್ ಫೋಮಿನ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು) ಹಾಳೆ, ಎಡಬದಿಯ ತಗ್ಗಿಗೆ ಅದರದೇ ಓರೆಯಾದ ತುಂಡು, ಮುಂಭಾಗಕ್ಕೆ 20 ಮಿ.ಮೀ.; ಎಲ್ಲವನ್ನೂ ಫೆವಿಕಾಲ್ ಎಸ್‌ಆರ್ 998ರಿಂದ ಎರಡೂ ಮೈಗೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ ಕೂರಿಸಿದರು. ಸ್ಪ್ರಿಂಗಿನ ಮೇಲೆ ದಪ್ಪ ಗೋಣಿಯ ಒಂದು ಪದರವನ್ನೂ ಹಾಸಿದರು. ಫೋಮನ್ನು ತಂತಿ ಕೊರೆಯದಿರಲೆಂದು. ಕೊನೆಯಲ್ಲಿ ಹಿಂಭಾಗ ಮೂಲಕ್ಕಿಂತ 30 ಮಿ.ಮೀ. ಇಳಿದಿತ್ತು, ಮುಂಭಾಗ ಮೊದಲಿನಷ್ಟೇ ಇತ್ತು. ಫೋಮ್ 160, ಅಂಟು 95, ಕೂಲಿ 500 ರೂಪಾಯಿ. ಮೊದಲೇ ಅವರ ಬಳಿ ಹೋಗಿದ್ದರೆ ಕೂಲಿಯಲ್ಲಿ ಅರ್ಧ ಉಳಿಯುತ್ತಿತ್ತು. ನಾನು ಹಾಳು ಮಾಡಿದ್ದನ್ನು ಸರಿಪಡಿಸಲು ಅವರಿಗೆ ಒಂದಿಡೀ ಮಧ್ಯಾಹ್ನ ಹಿಡಿಯಿತು.

ಸೀಟನ್ನು ಕೂರಿಸಿ ಒರಗನ್ನು ಎರಡು ಹಲ್ಲು ಮುಂದಕ್ಕೆ ತಂದೆ. ಕೋನ 110 ಡಿಗ್ರಿಗೆ ಬಂತು, ಹೆಗಲು ಸುಮಾರು 4 ಸೆಂ.ಮೀ. ಮುಂದೆ ಬಂತು, ಮಣಿಕಟ್ಟು ಸ್ಟೀರಿಂಗಿನ ಮೇಲಂಚನ್ನು ಮುಟ್ಟಿತು. ನಾನು ನಿರೀಕ್ಷಿಸದೆ ಇದ್ದ ಲಾಭವೊಂದಿತ್ತು: ಒರಗಿನ ಎತ್ತರ ಹಾಗೇ ಇದ್ದು ನಾನು ಮಾತ್ರ ಕೆಳಗಿಳಿದದ್ದರಿಂದ ಹೆಡ್‌ರೆಸ್ಟಿನ ತುದಿ ನನ್ನ ನೆತ್ತಿಗೆ 3 ಸೆಂ.ಮೀ. ಹತ್ತಿರವಾಯಿತು. ಹಿಂದಿನಿಂದ ಯಾವುದಾದರೂ ವಾಹನ ಗುದ್ದಿದರೆ ಕತ್ತನ್ನು ಉಳಿಸುವುದು ಅದೊಂದೇ ಆದ್ದರಿಂದ ಈ 3 ಸೆಂ.ಮೀ.ಗೆ ನಾನು ಉಳಿದೆಲ್ಲ ಅಳತೆಗಳಿಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆ.

ಹಂತ 6: ಮುಂಭಾಗವನ್ನು ಎತ್ತಿದ್ದು (ಫೆಬ್ರವರಿ 5ರಿಂದ 10)

ತೊಡೆಯ ಆಧಾರ ಇನ್ನೂ ಸಾಲದಾಗಿತ್ತು. ಸೀಟಿನ ಮುಂದಿನ ಎರಡು ಬೋಲ್ಟುಗಳ ಕೆಳಗೆ ಏನಾದರೂ ಕೊಟ್ಟು ಎತ್ತಿದರೆ ಇಡೀ ಸೀಟು ಹಿಂದಕ್ಕೆ ವಾಲಿ, ಸೊಂಟ ಮುಂದೆ ಜಾರುವುದೂ ನಿಲ್ಲುತ್ತದೆ. ಎಷ್ಟು ಎತ್ತಬೇಕೆಂದು ತಿಳಿಯಲು ನಿಂತ ಕಾರಿನಲ್ಲಿ ಪ್ಲೈವುಡ್ ತುಂಡುಗಳನ್ನು ಇಟ್ಟು ನೋಡಿದೆ. 20 ಮಿ.ಮೀ. ಇಟ್ಟಾಗ ತೊಡೆಗೆ ಬಹಳ ಹಿತವಾಗಿತ್ತು, ಆದರೆ ಕ್ಲಚ್ಚನ್ನು ಪೂರ್ತಿ ಒತ್ತುವಾಗ ಸೀಟಿನ ಅಂಚು ತೊಡೆಯನ್ನು ತಡೆಯುತ್ತಿತ್ತು. ಕ್ಲಚ್ ಪೂರ್ತಿ ಒತ್ತಿದ ಸ್ಥಿತಿಯಲ್ಲೂ ಮಂಡಿ ಸ್ವಲ್ಪ ಮಡಿಸಿರಬೇಕು, ತೊಡೆಗೆ ತಡೆ ಇರಬಾರದು. 12 ಮಿ.ಮೀ.ನಲ್ಲಿ ಎರಡೂ ಕೂಡಿಬಂದವು. ಮುಂದಿನ ಮತ್ತು ಹಿಂದಿನ ಬೋಲ್ಟುಗಳ ನಡುವೆ 340 ಮಿ.ಮೀ. ಇರುವುದರಿಂದ ಇದು ಸುಮಾರು 2 ಡಿಗ್ರಿ ವಾಲುವಿಕೆ.

ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ ಓಡಿಸಿ ನೋಡೋಣವೆಂಬ ಆಸೆ ಬಂದಿತ್ತು, ಮಾಡಲಿಲ್ಲ. ಪೇರಿಸಿದ ವಾಷರುಗಳು ಅದುರಿಗೆ ಜರುಗುತ್ತವೆ, ಬೋಲ್ಟು ಸಡಿಲವಾಗುತ್ತದೆ. ಲೇಥಿನಲ್ಲಿ 30 ಮಿ.ಮೀ. ಹೊರವ್ಯಾಸ, 10.5 ಮಿ.ಮೀ. ತೂತು, 12 ಮಿ.ಮೀ. ಎತ್ತರದ ಎರಡು ಉಕ್ಕಿನ ಬುಷ್‌ಗಳನ್ನು (ಬೋಲ್ಟು ಹಾದುಹೋಗುವ ದಪ್ಪ ಬಳೆಗಳನ್ನು) 240 ರೂಪಾಯಿಗೆ ಮಾಡಿಸಿದೆ. 10.9 ಗ್ರೇಡಿನ (ಬಲದ ದರ್ಜೆ), 1.25 ಪಿಚ್‌ನ, ಮೂಲಕ್ಕಿಂತ 12 ಮಿ.ಮೀ. ಉದ್ದದ ಎರಡು ಬೋಲ್ಟುಗಳನ್ನು ವಾಹನದ ಬಿಡಿಭಾಗಗಳ ಅಂಗಡಿಯಿಂದ ತಂದೆ. ಎರಡಕ್ಕೂ ಸೇರಿ 110 ರೂಪಾಯಿ. ಅಂಗಡಿಯಲ್ಲೇ ಹಳೆಯ ಬೋಲ್ಟಿನ ಥ್ರೆಡ್‌ಗೆ ಹೊಸದರ ಥ್ರೆಡ್ ತಾಗಿಸಿ, ಬೆಳಕಿಗೆ ಹಿಡಿದು, ನಡುವೆ ಸಂದು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಟ್ಟೆ.

ಜೋಡಿಸಿದಾಗ ಸೀಟು ಹಿಂದೆ ಮುಂದೆ ಸರಿಯುವುದೇ ನಿಂತಿತು. ಬುಷ್‌ಗಳನ್ನು ವರ್ನಿಯರ್‌ನಿಂದ ಅಳೆದರೆ ಒಂದು 12.0, ಇನ್ನೊಂದು 12.8 ಮಿ.ಮೀ. ಎರಡು ರೇಲುಗಳು ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಸೀಟು ಸಿಕ್ಕಿಕೊಳ್ಳುತ್ತದೆ. ಮಾಡಿಸಿಕೊಂಡ ಕೂಡಲೇ ಅಳೆಯದೆ ತಂದದ್ದು ನನ್ನದೇ ಲೋಪ. ಲೇಥಿನವರು ದೊಡ್ಡದರ ಮುಖವನ್ನು ಮತ್ತೆ ಕಡೆದು ಸಮ ಮಾಡಿಕೊಟ್ಟರು, ಹಣ ಕೇಳಲಿಲ್ಲ. ನಾಲ್ಕೂ ಬೋಲ್ಟುಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ಸೀಟನ್ನು ಎರಡು ಮೂರು ಸಲ ಹಿಂದೆ ಮುಂದೆ ಸರಿಸಿ, ಆಮೇಲೆ ಎರವಲು ತಂದ ಟಾರ್ಕ್ ರೆಂಚಿನಿಂದ (ಹೊಂದಿಸಿದ ಬಿಗಿತ ಬಂದಾಗ ಕ್ಲಿಕ್ ಎನ್ನುವ ಸ್ಪ್ಯಾನರು) 35 ನ್ಯೂಟನ್ ಮೀಟರ್‌ಗೆ ಬಿಗಿದೆ. ಬೆಲ್ಟು ಹಾಕಿ ನೋಡಿದೆ. ಸೀಟು ಹಿಂದೆ ಹೋಗಿಲ್ಲವಾದ್ದರಿಂದ ಅದು ಸೊಂಟದ ಮೂಳೆಯ ಮೇಲೆಯೇ ಕೂತಿತ್ತು.

ಹಂತ 7: ಪಾದದ ಜಾಗ (ಫೆಬ್ರವರಿ 15)

ಕ್ಲಚ್ಚಿನ ಎಡಕ್ಕೆ ಎಡ ಪಾದ ಊರಲು 12 ಮಿ.ಮೀ. ಪ್ಲೈವುಡ್ಡಿನಿಂದ ಓರೆ ಹಲಗೆ ಮಾಡಿ, ಮೇಲೆ ರಬ್ಬರ್ ಹಾಳೆ ಅಂಟಿಸಿದೆ, 130 ರೂಪಾಯಿ. ಮೊದಲು ಮ್ಯಾಟಿನ ಮೇಲೆಯೇ ಇಟ್ಟಿದ್ದೆ. ಒಂದೇ ದಿನದಲ್ಲಿ ಕ್ಲಚ್ಚಿನ ಕಡೆಗೆ ಜರುಗಿತು. ಪೆಡಲಿನ ಅಡಿಗೆ ಹೋಗಿ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಕೂಡಲೇ ತೆಗೆದು, ಪಕ್ಕದ ಗೋಡೆಯಲ್ಲಿ ಮೊದಲೇ ಇದ್ದ ಬೋಲ್ಟಿಗೆ ಕ್ಲಾಂಪ್ ಹಾಕಿ ಬಿಗಿದೆ. ಈಗ ಪೆಡಲಿಗೂ ಅದಕ್ಕೂ 5 ಸೆಂ.ಮೀ. ಅಂತರವಿದೆ.

ಈ ಕೆಲಸ ಮಾಡುವಾಗ ಚಾಲಕನ ಕಡೆಯ ಮ್ಯಾಟನ್ನು ಎತ್ತಿದ್ದೆ. ಕಂಪನಿಯ ಮ್ಯಾಟಿನ ಮೇಲೆ ನಾನೇ ಹಾಸಿದ್ದ ಎರಡನೆಯ ಮ್ಯಾಟು 14 ಮಿ.ಮೀ. ದಪ್ಪವಿತ್ತು. ಅದನ್ನು ತೆಗೆದ ಕೂಡಲೇ ಹಿಮ್ಮಡಿ ಅಷ್ಟು ಕೆಳಗಿಳಿದು, ತೊಡೆಗೂ ಸ್ಟೀರಿಂಗಿಗೂ ನಡುವಿನ ಜಾಗ 1 ಸೆಂ.ಮೀ.ಗಿಂತ ಹೆಚ್ಚು ಬೆಳೆಯಿತು. ಒಂದು ಪೈಸೆಯ ಖರ್ಚಿಲ್ಲದ, ಮೊದಲ ದಿನವೇ ಮಾಡಬಹುದಾಗಿದ್ದ ಈ ಕೆಲಸ ಆರು ವಾರಗಳ ನಂತರ ಆಯಿತು. ಒಂದರ ಮೇಲೊಂದು ಮ್ಯಾಟ್ ಹಾಸುವುದು ಪೆಡಲುಗಳಿಗೆ ಸಿಕ್ಕಿಕೊಳ್ಳುವ ಕಾರಣದಿಂದಲೂ ಅಪಾಯವೇ.

ಹಂತ 8: ಮನೆಯವರ ತೊಂದರೆ (ಫೆಬ್ರವರಿ 16ರಿಂದ 19)

ನನ್ನ ಹೆಂಡತಿ ಭಾನುವಾರಗಳಲ್ಲಿ ಇದೇ ಕಾರನ್ನು ಓಡಿಸುತ್ತಾಳೆ. ಅವಳ ಎತ್ತರ 5 ಅಡಿ 3 ಇಂಚು. ಸೀಟಿನಲ್ಲಿ ಕೂತವಳೇ, "ರೀ, ಬಾನೆಟ್ಟೇ ಕಾಣಿಸ್ತಿಲ್ಲ," ಎಂದಳು. ಇಷ್ಟೂ ವಾರ ನಾನು ಅವಳನ್ನು ಒಮ್ಮೆಯೂ ಆ ಸೀಟಿನಲ್ಲಿ ಕೂರಿಸಿ ನೋಡಿರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಕುಷನ್ ಅಂಗಡಿಯ ಅದೇ ಹಿರಿಯರು ಹಿಂದೆ 40 ಮಿ.ಮೀ., ಮುಂದೆ 15 ಮಿ.ಮೀ. ಇರುವ, ಒರಗಿನ ಸಂದಿನಲ್ಲಿ ತೂರಿಸಿ ಕಟ್ಟುವ ಪಟ್ಟಿಗಳಿರುವ ಗಟ್ಟಿ ಮೆತ್ತೆಯೊಂದನ್ನು 220 ರೂಪಾಯಿಗೆ ಮಾಡಿಕೊಟ್ಟರು. ಪಟ್ಟಿ ಇಲ್ಲದ ಮೆತ್ತೆ ಬ್ರೇಕ್ ಹಾಕಿದಾಗ ಜಾರುತ್ತದೆ.

ಹಂತ 9: ಈಗಿನ ಸ್ಥಿತಿ (ಫೆಬ್ರವರಿ 22)

ಹಾಸನದಿಂದ ಚಿಕ್ಕಮಗಳೂರು, ಅಲ್ಲಿಂದ ಆಲ್ದೂರು, ಸಂಜೆ ಅದೇ ದಾರಿಯಲ್ಲಿ ಹಿಂದಿರುಗಿದ ಮೇಲೆ ತೆಗೆದ ಅಳತೆಗಳು: ತಲೆಗೂ ಚಾವಣಿಗೂ 2.5 ಸೆಂ.ಮೀ.; ಒರಗು 110 ಡಿಗ್ರಿ; ತೊಡೆಗೂ ಸ್ಟೀರಿಂಗಿಗೂ 3 ಸೆಂ.ಮೀ.; ನೆತ್ತಿಗಿಂತ ಹೆಡ್‌ರೆಸ್ಟಿನ ತುದಿ 4 ಸೆಂ.ಮೀ. ಕೆಳಗೆ, ಎದೆಗೂ ಸ್ಟೀರಿಂಗಿನ ಮಧ್ಯಕ್ಕೂ 36 ಸೆಂ.ಮೀ. ಸೊಂಟ ಮುಂದೆ ಜಾರಿದ್ದು ಅರ್ಧ ಸೆಂ.ಮೀ. ಮಾತ್ರ. ಕನ್ನಡಿಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ಮೊದಲು ಎಡ ತಿರುವುಗಳಲ್ಲಿ ಒಳಗಿನ ಕನ್ನಡಿಯೇ ರಸ್ತೆಯನ್ನು ಮರೆಮಾಡುತ್ತಿತ್ತು. ಕಣ್ಣು ಕೆಳಗಿಳಿದ ಮೇಲೆ ಅದರ ಅಡಿಯಿಂದ ರಸ್ತೆ ಕಾಣುತ್ತದೆ, ಸಿಗ್ನಲ್ ದೀಪಗಳನ್ನು ನೋಡಲು ಕತ್ತು ಬಗ್ಗಿಸಬೇಕಾಗಿಲ್ಲ. ಚಿಕ್ಕಮಗಳೂರಿನಲ್ಲಿ ಇಳಿದು ನೇರವಾಗಿ ಪಂಪಿನ ಬಳಿಗೆ ನಡೆದೆ.

ಒಟ್ಟು ಖರ್ಚು 2,807 ರೂಪಾಯಿ. ಅದರಲ್ಲಿ ಸೊಂಟದ ದಿಂಬು, ಕಬ್ಬಿಣದ ಪಟ್ಟಿ, ತಪ್ಪು ಬೋಲ್ಟು ಮತ್ತು ಟ್ಯಾಪ್ ಸೇರಿ 1,352 ರೂಪಾಯಿ ನನ್ನ ತಪ್ಪುಗಳಿಗೆ ಹೋದದ್ದು. ಉಪಯೋಗಕ್ಕೆ ಬಂದದ್ದು 1,455.

ಫೆಬ್ರವರಿ 28ರಂದು ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿದಾಗ ಮುಂದಿನ ಎಡ ಬೋಲ್ಟು ರೆಂಚು ಕ್ಲಿಕ್ ಆಗುವ ಮೊದಲು ಸ್ವಲ್ಪ ತಿರುಗಿತು. ಬುಷ್‌ನ ಮುಖ ಬಣ್ಣದ ಮೇಲೆ ಕೂತಿದ್ದೇ ಕಾರಣ. ಬಣ್ಣ ಕೆರೆದು ಮತ್ತೆ ಬಿಗಿದಿದ್ದೇನೆ, ತಿಂಗಳಿಗೊಮ್ಮೆ ನೋಡುತ್ತೇನೆ. ಉಳಿದಿರುವುದು ಬಲ ಮಂಡಿಯ ತೊಂದರೆ: ಆಕ್ಸಿಲರೇಟರಿನ ಮೇಲೆ ಪಾದವಿದ್ದಾಗ ಅದು ಬಾಗಿಲಿನ ಗಾಜು ಇಳಿಸುವ ಹಿಡಿಗೆ ಈಗಲೂ ತಾಗುತ್ತದೆ. ಗಾಜು ಪೂರ್ತಿ ಏರಿದಾಗ ಹಿಡಿ ಮುಂದಕ್ಕೆ ಚಾಚಿ ನಿಲ್ಲುವಂತೆ ಅದನ್ನು ಕಳಚಿ ಎರಡು ಹಲ್ಲು ತಿರುಗಿಸಿ ಕೂರಿಸಬೇಕು. ಹಿಡಿಯ ಹಿಂದಿನ ಕ್ಲಿಪ್ ತೆಗೆಯಲು ಹೋಗಿ ಮೊದಲನೆಯದನ್ನು ಮುರಿದಿದ್ದೇನೆ. ಹೊಸದು ಬರುವವರೆಗೆ ಅಲ್ಲಿಗೆ ದಪ್ಪ ಬಟ್ಟೆ ಸುತ್ತಿಟ್ಟಿದ್ದೇನೆ.